ಬ್ಯಾಕ್‌ಸ್ಪೇಸ್ ಒತ್ತಿದರೆ ಅಳಿಯಬೇಕಾದ್ದು ಎಷ್ಟು?

ನಿಮ್ಮ ತೊಂದರೆ ಇದು: ಕ್ಯೂಟಿಯಲ್ಲಿ (Qt, ತಂತ್ರಾಂಶದ ಪರದೆಗಳನ್ನು ಕಟ್ಟುವ ಸಲಕರಣೆ) ನೀವೇ ಬರೆದ ಟೆಕ್ಸ್ಟ್ ಬಾಕ್ಸ್‌ನಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರೆ ಒತ್ತಕ್ಷರ ಅರ್ಧಕ್ಕೆ ಮುರಿಯುತ್ತಿತ್ತು. ಅದಕ್ಕೆ ಇಡೀ ಅಕ್ಷರವೇ ಅಳಿಯುವಂತೆ ಮಾಡಿದಿರಿ. ಈಗ ಇಂಗ್ಲಿಷ್ ಕೀಲಿಗಳಿಂದ ಕನ್ನಡ ಟೈಪಿಸುವವರಿಗೆ 'ಕ್' ಬರುತ್ತದೆ, 'a' ಕೀ ಒತ್ತಿದೊಡನೆ ಅದೂ ಮಾಯ.

ಇದೇ ತಪ್ಪನ್ನು ನಾನೂ ಮಾಡಿದ್ದೆ. ಒಂದು ಗ್ರಂಥಾಲಯಕ್ಕೆ ತಂತ್ರಾಂಶ ಬರೆದುಕೊಟ್ಟ ಮರುದಿನವೇ ಫೋನ್: "ಸಾರ್, ಕ್ ಬರ್ತದೆ, ಕ ಬರಲ್ಲ."

ಕಾರಣ ಸರಳ. ಇಂಥ ಕೆಲವು ಕೀಲಿಮಣೆ ಸಾಧನಗಳು 'ಕ್' ಅನ್ನು 'ಕ' ಮಾಡಲು ನಿಮ್ಮ ಬಾಕ್ಸ್‌ಗೆ ಗುಟ್ಟಾಗಿ ಒಂದು ಬ್ಯಾಕ್‌ಸ್ಪೇಸ್ ಕಳಿಸುತ್ತವೆ. ಅದು ಹಲಂತವನ್ನಷ್ಟೇ ('ಕ'ವನ್ನು 'ಕ್' ಮಾಡುವ ಚಿಹ್ನೆ) ಅಳಿಸುತ್ತದೆ ಅಂತ ಅವು ನಂಬಿಕೊಂಡಿರುತ್ತವೆ. ನಿಮ್ಮ ಬಾಕ್ಸ್ ಕಕಾರವನ್ನೂ ಸೇರಿಸಿ ನುಂಗಿಬಿಡುತ್ತದೆ.

ಹಾಗಾಗಿ ಬ್ಯಾಕ್‌ಸ್ಪೇಸ್‌ಗೆ ಒಂದು ಕೋಡ್‌ಪಾಯಿಂಟ್ (ಯೂನಿಕೋಡ್‌ನಲ್ಲಿ ಒಂದು ವರ್ಣ ಅಥವಾ ಚಿಹ್ನೆಗೆ ಇರುವ ಸಂಖ್ಯೆ) ಮಾತ್ರ ಅಳಿಸಿ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ, ಒಳಗಿರುವುದು 6 ಕೋಡ್‌ಪಾಯಿಂಟ್. ದೀರ್ಘ ತಪ್ಪಿದವರು ಬದಲಿಸಬೇಕಾದ್ದು ಕೊನೆಯ ಸ್ವರಚಿಹ್ನೆಯನ್ನಷ್ಟೇ, ಆರನ್ನೂ ಮತ್ತೆ ಕುಟ್ಟಿಸಿದರೆ ಬೈಯುತ್ತಾರೆ. ಮುರಿದಂತೆ ಕಂಡದ್ದು ದೋಷವಲ್ಲ, ರೂಢಿ. ಬಾಣದ ಕೀಲಿಗಳು ಮತ್ತು ಡಿಲೀಟ್ ಮಾತ್ರ ಇಡೀ ಅಕ್ಷರವನ್ನು ದಾಟಬೇಕು, ಅಳಿಸಬೇಕು. ಅಕ್ಷರದ ಗಡಿಯನ್ನು ಕೋಡ್ ಲೈಬ್ರರಿಯ ಗ್ರಾಫೀಮ್ ನಿಯಮಕ್ಕೆ (ಯಾವುದು ಒಂದು ಅಕ್ಷರ ಎಂದು ಗುರುತಿಸುವ ನಿಯಮ) ಬಿಟ್ಟು ಸುಮ್ಮನಾಗಬೇಡಿ; 'ಸ್ತ್ರೀ'ಯನ್ನು 'ಸ್', 'ತ್', 'ರೀ' ಎಂದು ಮೂರಾಗಿ ಕತ್ತರಿಸುವ ಲೈಬ್ರರಿಗಳುಂಟು.

ಇನ್ನೊಂದು, ಕೀ ಒತ್ತಿದ ಘಟನೆಯಿಂದ ಅಕ್ಷರ ಕಟ್ಟಲು ಹೋಗಬೇಡಿ. ಇನ್‌ಪುಟ್ ಮೆಥಡ್ ಇವೆಂಟ್ (ಕೀಲಿಮಣೆ ಸಾಧನದಿಂದ ನಿಮ್ಮ ಬಾಕ್ಸ್‌ಗೆ ಬರುವ ಸಂದೇಶ) ತರುವ ಪಠ್ಯವನ್ನೇ ತೆಗೆದುಕೊಳ್ಳಿ. ಹಿಂದಿನ ಎಷ್ಟು ಪಠ್ಯ ತೆಗೆದು ಹೊಸದು ಹಾಕಬೇಕು ಎಂಬ ಮಾಹಿತಿಯೂ ಅದರಲ್ಲೇ ಇರುತ್ತದೆ, ಅದನ್ನು ಓದದೆ ಬಿಟ್ಟವರೇ ಹೆಚ್ಚು. ಜಪಾನಿ ಕೀಲಿಮಣೆ ಹಾಕಿಕೊಂಡೂ ಒಮ್ಮೆ ನೋಡಿ: ಅಲ್ಲಿ ಎಂಟರ್ ಒತ್ತುವುದು ಕಾಂಜಿ ಆಯ್ಕೆಯನ್ನು ಖಚಿತಪಡಿಸಲು, ನಿಮ್ಮ ಫಾರ್ಮ್ ಸಲ್ಲಿಸಲು ಅಲ್ಲ.

ಹುಡುಕಾಟವಿದ್ದರೆ ಎನ್‌ಎಫ್‌ಸಿಗೆ (ತುಂಡುಗಳನ್ನು ಕೂಡಿಸಿದ ಯೂನಿಕೋಡ್‌ನ ಏಕರೂಪ) ತಂದು ಹೋಲಿಸಿ. 'ಗೋಪಾಲ'ದ ಓಕಾರ ಒಂದೇ ಕೋಡ್‌ಪಾಯಿಂಟ್ ಆಗಿಯೂ ಬರಬಹುದು, ಮೂರು ತುಂಡಾಗಿಯೂ ಬರಬಹುದು. 'ರಾಜ್‌ಕುಮಾರ್'ನಲ್ಲಿ ಅಡಗಿರುವ ಅದೃಶ್ಯ ಜೋಡಣೆ-ತಡೆ ಚಿಹ್ನೆಯನ್ನು ಹೋಲಿಸುವಾಗ ಮಾತ್ರ ತೆಗೆಯಿರಿ. ಉಳಿಸಿದ ಪಠ್ಯದಿಂದಲೇ ಅದನ್ನು ಕಿತ್ತರೆ ಹೆಸರಿನ ನಡುವೆ 'ಜ್ಕು' ಅನ್ನೋ ಒತ್ತು ಮೂಡುತ್ತದೆ.