ಇನ್ನೊಂದು ಕೋರ್ಸ್ ಬೇಡ, ಮೊದ್ಲು ನಿಮ್ಮ ತಪ್ಪು ಉತ್ತರಗಳನ್ನ ಓದಿ

ನಿಮ್ಮ ಪೋಸ್ಟ್ ಪೂರ್ತಿ ಓದ್ದೆ. ಮೂರು ವರ್ಷ ಬ್ಯಾಕೆಂಡ್ ಕೆಲಸ ಮಾಡಿದೀರ, ಎಡಬ್ಲ್ಯೂಎಸ್ (ಅಮೆಜಾನ್ ಕ್ಲೌಡ್) ಡೆವಲಪರ್ ಅಸೋಸಿಯೇಟ್ ಸರ್ಟಿಫಿಕೇಶನ್ ಪರೀಕ್ಷೆಗೆ ಅಂತ ಒಂದು ವಿಡಿಯೊ ಕೋರ್ಸನ್ನ ಎರಡು ಸಲ ನೋಡಿ ಮುಗಿಸಿದೀರ, ಆದ್ರೂ ಪ್ರಾಕ್ಟೀಸ್ ಟೆಸ್ಟಲ್ಲಿ 55 ಪರ್ಸೆಂಟ್ ದಾಟ್ತಿಲ್ಲ, ಇನ್ನೊಂದು ಕೋರ್ಸ್ ತಗೊಳ್ಳೋದಾ ಇಲ್ಲ ಧೈರ್ಯ ಮಾಡಿ ಡೇಟ್ ಬುಕ್ ಮಾಡೋದಾ ಅಂತ ಕೇಳಿದೀರ. ಈಗ್ಲೇ ಎರಡೂ ಬೇಡ. ನಾನೂ ಇದೇ ಜಾಗದಲ್ಲಿ ಸುಮಾರು ದಿನ ಸಿಕ್ಕಾಕೊಂಡಿದ್ದೆ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಮೊದ್ಲು ಪರೀಕ್ಷೆ ಹೇಗಿರತ್ತೆ ಅಂತ ಸರಿಯಾಗಿ ತಿಳ್ಕೊಳ್ಳಿ. ಡಿವಿಎ-ಸಿ02 ಅನ್ನೋ ಕೋಡ್‌ನ ಈ ಪರೀಕ್ಷೆಯಲ್ಲಿ 65 ಪ್ರಶ್ನೆ, 130 ನಿಮಿಷ. ಅದ್ರಲ್ಲಿ 15 ಪ್ರಶ್ನೆಗೆ ಅಂಕನೇ ಇಲ್ಲ, ಆದ್ರೆ ಅವು ಯಾವ್ದು ಅಂತ ನಮಗೆ ಗೊತ್ತಾಗಲ್ಲ. ಹಾಗಾಗಿ ಕೇಳೇ ಇರದ ವಿಷಯ ಒಂದು ಬಂತು ಅಂತ ಅಲ್ಲೇ ಕೂತು ಗಾಬರಿ ಆಗ್ಬೇಡಿ, ಮಾರ್ಕ್ ಮಾಡಿ ಮುಂದೆ ಹೋಗಿ. ಪಾಸಾಗೋಕೆ 1000ಕ್ಕೆ 720 ಬೇಕು, ಇದು ಸ್ಕೇಲ್ ಮಾಡಿದ ಅಂಕ, 72 ಪರ್ಸೆಂಟ್ ಅಂತ ಅರ್ಥ ಅಲ್ಲ. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ, ಒಂದನ್ನೂ ಖಾಲಿ ಬಿಡ್ಬೇಡಿ. ವಿಭಾಗವಾರು ಪಾಸಾಗ್ಬೇಕು ಅಂತಾನೂ ಇಲ್ಲ, ಒಟ್ಟು ಅಂಕ ಬಂದ್ರೆ ಸಾಕು. ಡೆವಲಪ್‌ಮೆಂಟ್ 32 ಪರ್ಸೆಂಟ್, ಸೆಕ್ಯುರಿಟಿ 26, ಡಿಪ್ಲಾಯ್‌ಮೆಂಟ್ 24, ಟ್ರಬಲ್‌ಶೂಟಿಂಗ್ 18. ಇಲ್ಲಿ ನೋಡಿ, ಬ್ಯಾಕೆಂಡ್‌ನವ್ರು ಸಾಮಾನ್ಯವಾಗಿ ಮೊದಲನೇದನ್ನೇ ತಿಕ್ಕಿ ತಿಕ್ಕಿ ಓದ್ತೀವಿ, ಸೆಕ್ಯುರಿಟಿ ಡಿಪ್ಲಾಯ್‌ಮೆಂಟ್ ಎರಡೂ ಸೇರಿದ್ರೆ ಅರ್ಧ ಪೇಪರ್ ಅನ್ನೋದನ್ನ ಮರ್ತೇಬಿಡ್ತೀವಿ. ನಂಗೆ ಆಗಿದ್ದೂ ಅದೇ.

ಈಗ ನಿಮ್ಮ 55ರ ವಿಷಯಕ್ಕೆ ಬರ್ತೀನಿ. ಟೆಸ್ಟ್ ಮುಗಿದ ಮೇಲೆ ಸ್ಕೋರ್ ನೋಡಿ ಮುಚ್ಚಿಡ್ತಿದೀರಾ ಅಂತ ನನ್ನ ಅನುಮಾನ. ಒಂದು ನೋಟ್‌ಬುಕ್ ಇಟ್ಕೊಳ್ಳಿ. ತಪ್ಪಾದ ಪ್ರತಿ ಪ್ರಶ್ನೆಗೂ, ಆಮೇಲೆ ಅಂದಾಜಲ್ಲಿ ಸರಿಯಾದ ಪ್ರಶ್ನೆಗೂ ಕೂಡ, ಸರಿ ಉತ್ತರ ಯಾವ್ದು ಅಂತಲ್ಲ, ಉಳಿದ ಮೂರು ಯಾಕೆ ಅಲ್ಲ ಅಂತ ನಿಮ್ಮ ಮಾತಲ್ಲೇ ಒಂದೊಂದು ಸಾಲು ಬರೀರಿ. ಬರೆಯೋಕೆ ಆಗ್ಲಿಲ್ಲ ಅಂದ್ರೆ ಆ ವಿಷಯ ನಿಮ್ಗೆ ಬರಲ್ಲ ಅಂತ ಲೆಕ್ಕ, ಡಾಕ್ಯುಮೆಂಟೇಶನ್ ತೆಗೀರಿ. ಒಂದು ಟೆಸ್ಟ್ ಬರೆಯೋಕೆ ಎರಡು ಗಂಟೆ ಆದ್ರೆ ಅದನ್ನ ಹೀಗೆ ಬಿಡಿಸೋಕೆ ನಂಗೆ ಮೂರು ಸಂಜೆ ಹಿಡೀತಿತ್ತು, ನಿಜವಾದ ಓದು ಆಗಿದ್ದು ಅಲ್ಲೇ.

ಒಂದು ಉದಾಹರಣೆ. ಪ್ರಶ್ನೆ ಹೀಗಿರತ್ತೆ ಅಂದ್ಕೊಳ್ಳಿ, 1 ಎಂಬಿ ಫೈಲನ್ನ ಅಪ್ಲಿಕೇಶನ್ ಒಳಗೇ ಕೆಎಂಎಸ್ (ಎನ್‌ಕ್ರಿಪ್ಶನ್ ಕೀಗಳನ್ನ ನೋಡ್ಕೊಳ್ಳೋ ಎಡಬ್ಲ್ಯೂಎಸ್ ಸೇವೆ) ಬಳಸಿ ಎನ್‌ಕ್ರಿಪ್ಟ್ ಮಾಡ್ಬೇಕು, ಯಾವ ಎಪಿಐ ಕರೀಬೇಕು. ಥಟ್ ಅಂತ ಎನ್‌ಕ್ರಿಪ್ಟ್ ಎಪಿಐ ಅನ್ಸತ್ತೆ, ಹೆಸರೇ ಹಾಗಿದೆಯಲ್ಲ. ಆದ್ರೆ ಅದು 4 ಕೆಬಿಗಿಂತ ದೊಡ್ಡ ಡೇಟಾ ತಗೊಳ್ಳಲ್ಲ. ಜನರೇಟ್ ಡೇಟಾ ಕೀ ಅನ್ನೋ ಎಪಿಐ ಕರೆದ್ರೆ ಒಂದೇ ಕೀ ಎನ್‌ಕ್ರಿಪ್ಟ್ ಆಗದ ರೂಪ, ಆದ ರೂಪ ಎರಡರಲ್ಲೂ ಬರತ್ತೆ. ಎನ್‌ಕ್ರಿಪ್ಟ್ ಆಗದ ಕೀಯಿಂದ ಫೈಲನ್ನ ನಮ್ಮ ಕಡೇನೇ ಎನ್‌ಕ್ರಿಪ್ಟ್ ಮಾಡಿ, ಎನ್‌ಕ್ರಿಪ್ಟ್ ಆಗಿರೋ ಕೀಯನ್ನ ಫೈಲ್ ಜೊತೆ ಇಟ್ಟು, ಎನ್‌ಕ್ರಿಪ್ಟ್ ಆಗದ ಕೀಯನ್ನ ಮೆಮೊರಿಯಿಂದ ಅಳಿಸ್ಬೇಕು. "ಎನ್‌ಕ್ರಿಪ್ಟ್ ಯಾಕಲ್ಲ? 4 ಕೆಬಿ" ಅಂತ ಒಂದ್ಸಲ ಕೈಯಾರೆ ಬರೆದ್ರೆ ಎನ್ವಲಪ್ ಎನ್‌ಕ್ರಿಪ್ಶನ್ (ಡೇಟಾನ ಒಂದು ಕೀಯಿಂದ, ಆ ಕೀಯನ್ನ ಇನ್ನೊಂದು ಕೀಯಿಂದ ಮುಚ್ಚೋದು) ಅನ್ನೋ ಇಡೀ ಪಾಠ ಆ ಒಂದು ಅಂಕಿಗೆ ಅಂಟ್ಕೊಂಡು ನೆನಪಲ್ಲಿ ಉಳಿಯತ್ತೆ.

ಡೈನಮೋಡಿಬಿ (ಎಡಬ್ಲ್ಯೂಎಸ್‌ನ ಡೇಟಾಬೇಸ್) ಕೆಪ್ಯಾಸಿಟಿ ಲೆಕ್ಕಾನೂ ಬಾಯಿಪಾಠ ಮಾಡ್ಬೇಡಿ, ಪೇಪರ್ ಮೇಲೆ ಹತ್ತು ಸಲ ಮಾಡಿ. ಒಂದು ರೀಡ್ ಯೂನಿಟ್ ಅಂದ್ರೆ ಸೆಕೆಂಡಿಗೆ 4 ಕೆಬಿವರೆಗಿನ ಒಂದು ಸ್ಟ್ರಾಂಗ್ ರೀಡ್ (ಯಾವಾಗ್ಲೂ ಇತ್ತೀಚಿನ ಡೇಟಾ), ಇಲ್ಲಾ ಎರಡು ಈವೆಂಚುವಲ್ ರೀಡ್ (ಸ್ವಲ್ಪ ಹಳೇ ಡೇಟಾ ಬರಬಹುದು). 6 ಕೆಬಿ ಐಟಂನ ಸೆಕೆಂಡಿಗೆ 10 ಸಲ ಸ್ಟ್ರಾಂಗ್ ಆಗಿ ಓದ್ಬೇಕು ಅಂದ್ರೆ 6ನ್ನ 8ಕ್ಕೆ ಏರಿಸಿ, ಎರಡು ಯೂನಿಟ್, ಗುಣಿಸು 10, ಒಟ್ಟು 20. ಈವೆಂಚುವಲ್ ಆದ್ರೆ 10. ಬರೆಯೋದಾದ್ರೆ 1 ಕೆಬಿ ಲೆಕ್ಕ, ಅದೇ ಐಟಂಗೆ ಒಂದು ಸಲಕ್ಕೆ 6. ಎಲ್ರೂ ಎಡವೋದು ಮೇಲಕ್ಕೆ ಏರಿಸೋ ಹೆಜ್ಜೆಯಲ್ಲೇ, 60ನ್ನ 4ರಿಂದ ಭಾಗಿಸಿ 15 ಅಂತ ಬರೆದು ಬರ್ತಾರೆ.

ಇದರ ಜೊತೆಗೆ ಒಂದು ಸಣ್ಣ ಪ್ರಾಜೆಕ್ಟ್ ಮಾಡ್ಲೇಬೇಕು, ಇದ್ರಲ್ಲಿ ಮಾತ್ರ ರಾಜಿ ಬೇಡ. ಎಪಿಐ ಗೇಟ್‌ವೇ, ಲ್ಯಾಂಬ್ಡಾ (ಸರ್ವರ್ ನೋಡ್ಕೊಳ್ದೇ ಕೋಡ್ ಓಡಿಸೋ ಸೇವೆ), ಡೈನಮೋಡಿಬಿ, ಎಸ್‌ಕ್ಯೂಎಸ್ (ಮೆಸೇಜ್ ಕ್ಯೂ) ನಾಲ್ಕೇ ಸಾಕು, ಸ್ಯಾಮ್ ಅನ್ನೋ ಎಡಬ್ಲ್ಯೂಎಸ್ ಟೂಲ್ ಬಳಸಿ ಡಿಪ್ಲಾಯ್ ಮಾಡಿ, ಕನ್ಸೋಲಲ್ಲಿ ಕ್ಲಿಕ್ ಮಾಡಿ ಅಲ್ಲ. ಶುರು ಮಾಡೋ ಮುಂಚೆ ರೂಟ್ ಅಕೌಂಟ್‌ಗೆ ಎಂಎಫ್‌ಎ (ಪಾಸ್‌ವರ್ಡ್ ಜೊತೆ ಇನ್ನೊಂದು ದೃಢೀಕರಣ) ಹಾಕಿ, ಬಜೆಟ್ ಅಲರ್ಟ್ ಇಡಿ. ಆಮೇಲೆ ಬೇಕಂತ್ಲೇ ಕೆಡಿಸಿ ನೋಡಿ. ನಾನು ಮಾಡಿದ್ದು ಹೇಳ್ತೀನಿ, ಎಸ್‌ಕ್ಯೂಎಸ್ ಕ್ಯೂನ ವಿಸಿಬಿಲಿಟಿ ಟೈಮ್‌ಔಟನ್ನ (ಒಬ್ರು ತಗೊಂಡ ಮೆಸೇಜ್ ಬೇರೆಯವ್ರಿಗೆ ಕಾಣದೇ ಇರೋ ಸಮಯ) ಡೀಫಾಲ್ಟ್ 30 ಸೆಕೆಂಡಲ್ಲೇ ಬಿಟ್ಟು, ಮೆಸೇಜ್ ತಗೊಂಡು 40 ಸೆಕೆಂಡ್ ಸುಮ್ನೆ ಕೂತು ಆಮೇಲೆ ಡಿಲೀಟ್ ಮಾಡೋ ಒಂದು ಸ್ಕ್ರಿಪ್ಟ್ ಬರೆದು ಎರಡು ಟರ್ಮಿನಲಲ್ಲಿ ಓಡಿಸ್ದೆ. ಮೊದಲನೇದು ಇನ್ನೂ ಕೆಲಸ ಮಾಡ್ತಿರೋವಾಗ್ಲೇ ಅದೇ ಮೆಸೇಜ್ ಎರಡನೇ ಟರ್ಮಿನಲಲ್ಲಿ ಬಂತು, ರಿಸೀವ್ ಕೌಂಟ್ 2 ಅಂತ. ಅದೇ ಕ್ಯೂಗೆ 60 ಸೆಕೆಂಡ್ ಟೈಮ್‌ಔಟ್ ಇರೋ ಲ್ಯಾಂಬ್ಡಾನ ಜೋಡಿಸೋಕೆ ಹೋದ್ರೆ ಎಡಬ್ಲ್ಯೂಎಸ್ ಒಪ್ಪಲೇ ಇಲ್ಲ, ಕ್ಯೂನ ಟೈಮ್‌ಔಟ್ ಫಂಕ್ಷನ್‌ದಕ್ಕಿಂತ ಕಮ್ಮಿ ಇದೆ ಅಂತ ಎರರ್ ಕೊಡ್ತು. ಕ್ಯೂನ ಟೈಮ್‌ಔಟನ್ನ ಲ್ಯಾಂಬ್ಡಾ ಟೈಮ್‌ಔಟ್‌ನ ಆರು ಪಟ್ಟು ಇಡಿ ಅಂತ ಡಾಕ್ಯುಮೆಂಟೇಶನ್ ಯಾಕೆ ಹೇಳತ್ತೆ ಅಂತ ಆಗ ಅರ್ಥ ಆಯ್ತು. ವಿಡಿಯೊದಲ್ಲಿ ಇದೇ ವಿಷಯ ಎರಡು ಸಲ ಕೇಳಿದ್ದೆ, ತಲೆಗೇ ಹೋಗಿರ್ಲಿಲ್ಲ.

ಇನ್ನು, ಆ್ಯಪ್ ಬಳಕೆದಾರರ ಗುರುತು ನೋಡ್ಕೊಳ್ಳೋ ಕಾಗ್ನಿಟೋದಲ್ಲಿ ಯೂಸರ್ ಪೂಲ್ ಅಂದ್ರೆ ಲಾಗಿನ್, ಐಡೆಂಟಿಟಿ ಪೂಲ್ ಅಂದ್ರೆ ಎಡಬ್ಲ್ಯೂಎಸ್‌ನ ತಾತ್ಕಾಲಿಕ ಕ್ರೆಡೆನ್ಶಿಯಲ್, ಇಷ್ಟು ಸ್ಪಷ್ಟ ಇರ್ಲಿ. ಪಾಸ್‌ವರ್ಡ್ ತಾನಾಗೇ ರೊಟೇಟ್ ಆಗ್ಬೇಕು, ಅಂದ್ರೆ ಆಗಾಗ ಬದಲಾಗ್ಬೇಕು ಅಂತ ಪ್ರಶ್ನೆಯಲ್ಲಿದ್ರೆ ಸೀಕ್ರೆಟ್ಸ್ ಮ್ಯಾನೇಜರ್ ಕಡೆ ನೋಡಿ. ಕೋಡ್‌ಡಿಪ್ಲಾಯ್ ಹುಕ್‌ಗಳ (ಡಿಪ್ಲಾಯ್ ಆಗೋವಾಗ ಒಂದೊಂದು ಹಂತದಲ್ಲಿ ಓಡೋ ಸ್ಕ್ರಿಪ್ಟ್‌ಗಳ) ಕ್ರಮ ಒಂದನ್ನ ಬಾಯಿಪಾಠ ಮಾಡ್ಬೇಕು, ಬೇರೆ ದಾರಿ ಇಲ್ಲ.

ಡಂಪ್ಸ್ (ಕದ್ದು ಹಂಚೋ ಪರೀಕ್ಷೆಯ ನಿಜವಾದ ಪ್ರಶ್ನೆಗಳು) ಬಗ್ಗೆ ಯಾರೋ ಮೇಲೆ ಕಾಮೆಂಟ್ ಹಾಕಿದಾರೆ, ದಯವಿಟ್ಟು ಆ ಕಡೆ ಹೋಗ್ಬೇಡಿ. ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ರೆ ಸರ್ಟಿಫಿಕೇಟೇ ರದ್ದಾಗಬಹುದು. ಅದಕ್ಕಿಂತ ಹೆಚ್ಚಾಗಿ, ಇಂಟರ್‌ವ್ಯೂನಲ್ಲಿ ಎದುರಿಗೆ ಕೂತವ್ರು "ಮೆಸೇಜ್ ಎರಡು ಸಲ ಬಂದ್ರೆ ಏನ್ಮಾಡ್ತೀರಿ" ಅಂತ ಕೇಳಿದಾಗ ಡಂಪ್ ನಿಮ್ಮ ಕೈ ಹಿಡಿಯಲ್ಲ.

ಡೇಟ್ ಯಾವಾಗ ಅಂದ್ರೆ, ಮೊದಲ ಸಲ ನೋಡ್ತಿರೋ ಹೊಸ ಟೆಸ್ಟ್ ಎರಡರಲ್ಲಿ ಸತತವಾಗಿ 75-80 ಬಂದ ದಿನ ಬುಕ್ ಮಾಡಿ. ಹಳೇ ಟೆಸ್ಟನ್ನೇ ಮತ್ತೆ ಬರೆದು 90 ತಗೊಂಡಿದ್ದು ಲೆಕ್ಕಕ್ಕಿಲ್ಲ. ನೀವು ದಿನಕ್ಕೆ ಒಂದೂವರೆ ಗಂಟೆ ಅಂದಿದೀರ, ಐದಾರು ವಾರ ಹಿಡಿಯಬಹುದು. ಬುಕ್ ಮಾಡೋ ಮುಂಚೆ ಮರೀದೆ ಒಂದು ಕೆಲಸ, ಇಂಗ್ಲಿಷ್ ಮಾತೃಭಾಷೆ ಅಲ್ಲದವ್ರಿಗೆ 30 ನಿಮಿಷ ಹೆಚ್ಚು ಟೈಮ್ ಕೊಡ್ತಾರೆ, ಅದನ್ನ ಸರ್ಟಿಫಿಕೇಶನ್ ಅಕೌಂಟಲ್ಲಿ ಮೊದ್ಲೇ ಕೇಳ್ಕೋಬೇಕು, ಬುಕ್ ಆದ್ಮೇಲೆ ಕೇಳಿದ್ರೆ ಆ ಬುಕಿಂಗ್‌ಗೆ ಸೇರಲ್ಲ. ನಾಚ್ಕೋಬೇಡಿ, ಪ್ರಶ್ನೆಗಳು ಉದ್ದ ಇರತ್ತೆ. ಅಕೌಂಟಲ್ಲಿರೋ ಹೆಸರು ಗುರುತಿನ ಚೀಟಿಯಲ್ಲಿರೋ ಹೆಸರು ಒಂದೇ ಇದೆಯಾ ಅಂತಾನೂ ಈಗ್ಲೇ ನೋಡ್ಕೊಳ್ಳಿ. ಮನೆಯಿಂದ ಬರೀತೀರಾದ್ರೆ ಪರೀಕ್ಷೆ ಮಧ್ಯೆ ರೂಮಿಗೆ ಯಾರೂ ಬರೋ ಹಾಗಿಲ್ಲ, ಟೇಬಲ್ ಖಾಲಿ ಇರ್ಬೇಕು. ಅದು ಕಷ್ಟ ಅನ್ಸಿದ್ರೆ ಸೆಂಟರ್‌ಗೆ ಹೋಗೋದೇ ನೆಮ್ಮದಿ. ಅಕಸ್ಮಾತ್ ಆಗ್ಲಿಲ್ಲ ಅಂದ್ರೆ 14 ದಿನ ಬಿಟ್ಟು ಮತ್ತೆ ಬರೀಬಹುದು, ಫೀಸ್ ಮಾತ್ರ ಮತ್ತೆ ಕಟ್ಬೇಕು. ಪಾಸಾದ್ರೆ ಮೂರು ವರ್ಷ ಚಾಲ್ತಿಯಲ್ಲಿರತ್ತೆ.

ಈ ವಾರ ಒಂದು ಟೆಸ್ಟ್ ಹೇಳಿದ ಹಾಗೆ ಬಿಡಿಸಿ, ಯಾವ ವಿಭಾಗದಲ್ಲಿ ಎಷ್ಟು ತಪ್ಪಾಗಿದೆ ಅಂತ ಇಲ್ಲೇ ಹಾಕಿ. ಅದನ್ನ ನೋಡಿ ಮುಂದಿನ ವಾರ ಎಲ್ಲಿಂದ ಹಿಡೀಬೇಕು ಅಂತ ಹೇಳ್ತೀನಿ.