ಘಟ್ಟದ ಮೇಲೂ ನೆರೆ ಬರ್ತದೆ ಮಾರಾಯ್ರೆ

ಶಿವಮೊಗ್ಗ ಅಂದ್ರೆ ಮಲೆನಾಡಲ್ವಾ, ನೀರು ಇಳಿದು ಹೋಗ್ಬೇಕು ತಾನೆ, ಅಲ್ಲಿ ಮನೆಯೊಳಗೆ ನೆರೆ ನುಗ್ಗೋದು ಹೇಗೆ ಅಂತ ಕೇಳಿದ್ರಿ. ಬೆಂಗಳೂರಲ್ಲಿ ಇರುವ ನೀವು ಕೇಳೋದು ಬಿಡಿ, 2019ರ ಆಗಸ್ಟಲ್ಲಿ ನಮ್ಮಮ್ಮನೇ ನಮ್ಮೂರು, ಕೇರಳ ಗಡಿಯ ಮಂಜೇಶ್ವರದಿಂದ ಫೋನ್ ಮಾಡಿ ಇದೇ ಮಾತು ಹೇಳಿದ್ರು, ಇಲ್ಲಿ ರೆಡ್ ಅಲರ್ಟ್ ಉಂಟು, ಊರಿಗೆ ಹೊರಡ್ಬೇಡ, ನೀನು ಘಟ್ಟದ ಮೇಲೆ ಇದ್ದಿಯಲ್ಲ, ಅಲ್ಲೇ ಆರಾಮಾಗಿರು ಅಂತ. ನಾನು ಆಗ ಮಂಚದ ಮೇಲೆ ಕಾಲು ಮಡಚಿ ಕೂತಿದ್ದೆ, ಯಾಕಂದ್ರೆ ಕಾಲಿಡ್ಲಿಕ್ಕೆ ನೆಲ ಕಾಣ್ತಿರಲಿಲ್ಲ.

ಮೊದಲು ಒಂದು ವಿಷಯ ತಿಳ್ಕೊಳ್ಳಿ. ಜಿಲ್ಲೆ ಮಲೆನಾಡಾದ್ರೂ ಶಿವಮೊಗ್ಗ ಪೇಟೆ ಇರೋದು ಗುಡ್ಡದ ಮೇಲಲ್ಲ, ಮಲೆನಾಡು ಮುಗಿದು ಬಯಲು ಶುರುವಾಗೋ ಜಾಗದಲ್ಲಿ, ತುಂಗೆಯ ದಡದಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಶಿವಮೊಗ್ಗ ಪೇಟೆಗೆ ಅದರ ಕಾಲು ಭಾಗವೂ ಬೀಳೋದಿಲ್ಲ. ಆದರೆ ಆಗುಂಬೆ ಕಡೆಯ ನೀರು ಮಾಲತಿ ಹೊಳೆ ಸೇರಿ ತುಂಗೆಗೆ ಬರ್ತದೆ, ಶೃಂಗೇರಿ ನೀರು ಬರ್ತದೆ, ತೀರ್ಥಹಳ್ಳಿ ದಾಟಿ ಎಲ್ಲ ಒಟ್ಟಾಗಿ ಪೇಟೆಗಿಂತ ಮೇಲಿರುವ ಗಾಜನೂರಿಗೆ. ಗಾಜನೂರು ಡ್ಯಾಂ ಹಿಡಿಯೋದು ಮೂರು ಚಿಲ್ಲರೆ ಟಿಎಂಸಿ ಅಷ್ಟೆ, ಶರಾವತಿಯ ಲಿಂಗನಮಕ್ಕಿ ಡ್ಯಾಂ 151 ಟಿಎಂಸಿ ಅಂದ್ರೆ ನೀವೇ ಲೆಕ್ಕ ಹಾಕಿ. ಗಾಜನೂರು ಮಳೆಗಾಲದ ಶುರುವಿಗೇ ತುಂಬಿ ಹೋಗ್ತದೆ, ಆಮೇಲೆ ಬಂದಷ್ಟು ನೀರು ಕೆಳಗೆ ಬಿಡೋದು, ಬೇರೆ ದಾರಿ ಇಲ್ಲ. ಹಾಗಾಗಿ ಪೇಟೆಯಲ್ಲಿ ಮಳೆ ಬಿಟ್ಟು ಬಿಸಿಲು ಇಣುಕಿದ್ರೂ ಹೊಳೆ ಏರ್ತಾನೇ ಇರಬಹುದು, ಮೋಡ ನೋಡಿ ಪ್ರಯೋಜನ ಇಲ್ಲ.

ಅಲ್ಲಿಯವರು ನೋಡೋದು ಮಂಟಪ. ಹೊಳೆ ಮಧ್ಯ ಕೋರ್ಪಲಯ್ಯನ ಛತ್ರದ ಹತ್ತಿರ ಒಂದು ಕಲ್ಲಿನ ಮಂಟಪ ಉಂಟು, ಅದು ಮುಳುಗಿದ್ರೆ ತುಂಗೆ ತುಂಬಿದಳು ಅಂತ ಲೆಕ್ಕ. ಜನ ಸೇತುವೆ ಮೇಲೆ ನಿಂತು ಫೋಟೋ ತೆಗೀತಾರೆ, ಬಾಗಿನ ಬಿಡ್ತಾರೆ, ಸಾಧಾರಣ ವರ್ಷದಲ್ಲಿ ಅದೊಂದು ಖುಷಿಯ ಸಂಗತಿಯೇ. ಆ ವರ್ಷ ಪುಷ್ಯ ಮಳೆ ಕೈಕೊಟ್ಟಿತು ಅಂತ ಗದ್ದೆಯವರು ಗೊಣಗ್ತಾ ಇದ್ರು, ಆಶ್ಲೇಷ ಬಂದು ಎಲ್ಲ ಒಟ್ಟಿಗೆ ಸುರೀತು. ಆಶ್ಲೇಷ ಮಳೆ ಈಸಲಾರದ ಹೊಳೆ ಅಂತ ಗಾದೆಯೇ ಉಂಟಲ್ಲ.

ನಮ್ಮ ರೂಮು ವಿದ್ಯಾನಗರದ ಕಡೆ, ತಗ್ಗಿನ ಬೀದಿ, ನೆಲಮಾಳಿಗೆ ಅಲ್ಲ ಆದರೂ ರಸ್ತೆಗಿಂತ ಎರಡು ಮೆಟ್ಟಿಲು ಕೆಳಗೆ. ಬಾಡಿಗೆ ಕಡಿಮೆ ಇರೋದು ಅಂಥಾ ಕಡೆನೇ, ಕಾಲೇಜು ಹುಡುಗರು ಇರೋದೂ ಅಲ್ಲೇ. ಓನರ್ ಆಂಟಿ ಬೆಳಿಗ್ಗೆ ಬಾಗಿಲು ಬಡಿದು "ಏಳ್ರೋ, ಹೊಳೆ ಜೋರಾಗಿದೆಯಂತೆ, ಸಾಮಾನೆಲ್ಲಾ ಮೇಲಿಡ್ರೋ" ಅಂದ್ರು. ನಾವು ಬಾಗಿಲ ಸಂದಿಗೆ ಗೋಣಿ ತುರುಕಿ ಕಾವಲು ನಿಂತದ್ದು, ನೀರು ಬಂದದ್ದು ಬಚ್ಚಲಿನಿಂದ! ಬಚ್ಚಲ ತೂತಲ್ಲಿ ಮೊದಲು ಗುಳುಗುಳು ಅಂತ ಗುಳ್ಳೆ ಎದ್ದಿತು, ಆಮೇಲೆ ಕೆಂಪು ನೀರು, ಅದರ ಜೊತೆ ಜಿರಳೆಗಳು ಸಾಲಾಗಿ ಗೋಡೆ ಹತ್ತಿದವು. ಹೊಳೆ ಏರಿದಾಗ ಚರಂಡಿ ನೀರಿಗೆ ಹೋಗ್ಲಿಕ್ಕೆ ಜಾಗ ಇಲ್ಲದೆ ವಾಪಸ್ ಬರ್ತದೆ, ಬಾಗಿಲಿಗೆ ಎಷ್ಟು ಅಡ್ಡ ಇಟ್ಟರೂ ಏನೂ ಆಗೋದಿಲ್ಲ. ಅರ್ಧ ಖಾಲಿಯಾದ ಗ್ಯಾಸ್ ಸಿಲಿಂಡರ್ ಅಡ್ಡ ಬಿದ್ದು ತೇಲ್ತಾ ಗೋಡೆಗೆ ಢಣ್ ಢಣ್ ಅಂತ ಬಡೀತಿತ್ತು, ಅದನ್ನು ಮೊದಲು ಮೇಲೆ ಸಾಗಿಸಿದ್ದು. ಊರಿಂದ ತಂದ ಕುಚ್ಚಲಕ್ಕಿ ಚೀಲ ಹೋಯ್ತು, ಬ್ಯಾಗಿನಲ್ಲಿದ್ದ ಫೈಲೂ ಹೋಯ್ತು.

ಆ ರಾತ್ರಿ ಎಲ್ಲರೂ ಓನರ್ ಆಂಟಿಯ ಮಹಡಿ ಮೇಲೆ. ಕರೆಂಟಿಲ್ಲ, ಮರುದಿನ ಯಾರೋ ಹುಡುಗರು ಸೊಂಟದ ಮಟ್ಟ ನೀರಲ್ಲಿ ಬಂದು ಚಿತ್ರಾನ್ನದ ಪೊಟ್ಟಣ ಕೊಟ್ಟು ಹೋದ್ರು, ಹೆಸರು ಸಹ ಹೇಳಲಿಲ್ಲ. ಊರಿಗೆ ಹೋಗೋಣ ಅಂದ್ರೆ ಚಾರ್ಮಾಡಿ ಕುಸಿದು ಬಂದ್, ಆಗುಂಬೆ ಘಾಟಿ ಇಳಿಯುವ ಧೈರ್ಯ ಯಾರಿಗೂ ಇಲ್ಲ. ಊರಲ್ಲಿ ಮಲಯಾಳಂ ಚಾನೆಲ್ ಹಾಕಿದ್ರೆ ಕೇರಳದ ಪುತ್ತುಮಲ, ಕವಳಪ್ಪಾರದಲ್ಲಿ ಗುಡ್ಡ ಜರಿದದ್ದೇ ಸುದ್ದಿ, ಇಲ್ಲಿ ಕನ್ನಡ ಚಾನೆಲಲ್ಲಿ ಬೆಳಗಾವಿಯ ನೆರೆ. ಗಡಿಯವರಿಗೆ ಎರಡೂ ಕಡೆಯ ಹೆದರಿಕೆ ಒಟ್ಟಿಗೆ ಬರ್ತದೆ ನೋಡಿ. ನಮ್ಮ ಉಪ್ಪಳ ಹೊಳೆ, ಶಿರಿಯ ಹೊಳೆಯೂ ಉಕ್ಕುತ್ತವೆ, ಆದರೆ ಸಮುದ್ರ ಹತ್ತಿರ, ಇಳಿತ ಬಂದ್ರೆ ನೀರು ಓಡಿಹೋಗ್ತದೆ. ಶಿವಮೊಗ್ಗದಲ್ಲಿ ಮೇಲಿನ ಡ್ಯಾಂನವರು ನೀರು ಬಿಡೋದು ಕಡಿಮೆ ಮಾಡುವ ತನಕ ಕಾಯ್ಬೇಕು.

ನೀರು ಇಳಿದ ಮೇಲೆಯೇ ನಿಜವಾದ ಕೆಲಸ. ಗೋಡು ಅಂದ್ರೆ ನೆರೆ ಬಿಟ್ಟುಹೋದ ಕೆಸರು, ಅದು ಕಾಲ್ಬೆರಳ ಸಂದಿಯಲ್ಲಿ ಬೆಣ್ಣೆ ಹಾಗೆ ಏಳ್ತದೆ, ಒಣಗಿದ್ರೆ ಪೊರಕೆಗೂ ಬಗ್ಗೋದಿಲ್ಲ, ಅದಕ್ಕೇ ನೀರು ಇಳೀತಾ ಇರುವಾಗಲೇ ಆ ನೀರಲ್ಲೇ ಕಲಕಿ ಹೊರಗೆ ತಳ್ಬೇಕು ಅಂತ ಆಂಟಿ ಕಲಿಸಿದ್ರು. ನೆನೆದ ಪುಸ್ತಕಗಳನ್ನು ಬಿಸಿಲಿಲ್ಲದೆ ಫ್ಯಾನಿನ ಕೆಳಗೆ ಹರವಿದ್ದು, ಅರ್ಧ ಅಂಟಿಕೊಂಡೇ ಹೋದವು.

ಫೈಲಿನ ಕಥೆ ಬೇರೆ. ಹತ್ತನೇ ಕ್ಲಾಸಿನ ಸರ್ಟಿಫಿಕೇಟ್ ಕೇರಳದ್ದು, ಡೂಪ್ಲಿಕೇಟ್ ಬೇಕಾದ್ರೆ ತಿರುವನಂತಪುರದ ಪರೀಕ್ಷಾ ಭವನಕ್ಕೆ ಬರೀಬೇಕು. ಗಡಿನಾಡ ಕನ್ನಡಿಗ ಅಂತ ಸೀಟು ಸಿಕ್ಕಿದ್ದ ಕಾಗದಗಳು ಮಸಿ ಹರಡಿ ಓದ್ಲಿಕ್ಕೇ ಆಗ್ತಿರಲಿಲ್ಲ. ನೀರು ನುಗ್ಗಿದ ಮನೆಗಳಿಗೆ ಸರ್ಕಾರದಿಂದ 10,000 ರೂಪಾಯಿ ಅಂತ ಆಯ್ತಲ್ಲ, ಪಟ್ಟಿ ಬರ್ಕೊಳ್ಲಿಕ್ಕೆ ಬಂದವರು ರೇಷನ್ ಕಾರ್ಡ್ ಕೇಳಿದ್ರು. ನಾನು ಫೋನಲ್ಲಿದ್ದ ನಮ್ಮ ಮನೆಯ ಕಾರ್ಡಿನ ಫೋಟೋ ತೋರಿಸಿದೆ, ಮಲಯಾಳಂ ಅಕ್ಷರ ನೋಡಿ ಅವರಿಗೆ ನಗು, ನನಗೂ ನಗು. ಬಾಡಿಗೆ ರೂಮಿನ ಹುಡುಗರು ಆ ಲೆಕ್ಕಕ್ಕೆಲ್ಲ ಬರೋದಿಲ್ಲ. ಇದು ಯಾರ ತಪ್ಪೋ ಗೊತ್ತಿಲ್ಲ, ಆದರೆ ತಗ್ಗಿನ ಬೀದಿಗಳಲ್ಲಿ ಇರುವ ಅರ್ಧ ಜನ ನಮ್ಮಂಥವರೇ.

ನಿಮ್ಮ ತಂಗಿಗೆ ಅಲ್ಲಿ ಸೀಟು ಸಿಕ್ಕಿದೆ ಅಂದ್ರಿ, ಧಾರಾಳ ಕಳಿಸಿ, ಊರು ಒಳ್ಳೇದು, ಜನ ಒಳ್ಳೆಯವರು. ರೂಮು ನೋಡುವಾಗ ಮಾತ್ರ ಓನರ್ ಹತ್ರ 2019ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ನೇರವಾಗಿ ಕೇಳಿ. ಇಲ್ಲಿಗೆ ಬಂದೇ ಇಲ್ಲ ಅಂದ್ರೆ ಪಕ್ಕದ ಅಂಗಡಿಯವರನ್ನೂ ಕೇಳಿ. ಮತ್ತೆ ಮೊದಲನೇ ಮಹಡಿಗೆ ಐನೂರು ಸಾವಿರ ಜಾಸ್ತಿ ಆದ್ರೂ ಕೊಟ್ಟುಬಿಡಿ.