ಜಾಹೀರಾತಲ್ಲೇ "ಜರ್ಮನ್ನರಿಗೆ ಮಾತ್ರ" ಅಂತಿದ್ರೆ ಏನ್ ಮಾಡ್ಬೇಕು

ತಮ್ಮಾ, ಮ್ಯೂನಿಕ್‌ಗೆ ಬಂದು ಮೂರು ವಾರ ಆಯ್ತು, ಇಪ್ಪತ್ತು ಮನೆಗೆ ಮೆಸೇಜ್ ಹಾಕಿದ್ರೂ ಉತ್ರ ಇಲ್ಲ, ನಿನ್ನೆ ಒಂದು ಜಾಹೀರಾತಲ್ಲಿ ಜರ್ಮನ್ನರಿಗೆ ಮಾತ್ರ ಅಂತ ನೇರವಾಗೇ ಬರ್ದಿದ್ರು, ಏನಾದ್ರೂ ಮಾಡಾಕಾಗುತ್ತಾ ಇಲ್ಲಾ ಸುಮ್ನೆ ನುಂಗ್ಕೋಬೇಕಾ ಅಂತ ಕೇಳಿದೀಯ. ಮಾಡಾಕಾಗುತ್ತೆ. ನಾನೀಗ ರಜಕ್ಕೆ ದಾವಣಗೆರೆಗೆ ಬಂದೀನಿ, ವಿದ್ಯಾನಗರದ ಮನೆ ಕಟ್ಟೆ ಮೇಲೆ ಕೂತು ಬರೀತಿದೀನಿ, ಎದುರು ಗೇಟಿಗೆ "ಮನೆ ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ" ಅಂತ ರಟ್ಟು ಕಟ್ಟಿದಾರೆ. ನಮ್ಮಪ್ಪ ಇದೇ ಊರಲ್ಲಿ ಮನೆ ಹುಡುಕ್ವಾಗ "ಯಾವ ಜನ ನೀವು" ಅಂತ ಕೇಳಿ, ಹೇಳಿದ್ಮೇಲೆ "ನಿನ್ನೇನೇ ಬೇರೆಯೋರಿಗೆ ಮಾತಾಗೋಯ್ತು" ಅಂದಿದ್ರು, ಅಪ್ಪನ ಬೆರಳು ಹಿಡ್ಕೊಂಡು ನಾನೂ ಅಲ್ಲೇ ನಿಂತಿದ್ದೆ. ನಿಂಗೆ ಹೆಂಗಾಗಿರುತ್ತೆ ಅಂತ ಗೊತ್ತು ನಂಗೆ.

2013ರಲ್ಲಿ ನಾನು ಜರ್ಮನಿಗೆ ಹೋದ ಹೊಸದ್ರಲ್ಲಿ ಒಂದು ಮನೆಗೆ ಫೋನ್ ಮಾಡ್ದೆ, ಹೆಸರು ಕೇಳಿದ್ರು, ಹೇಳ್ದೆ, ಎರಡು ಸೆಕೆಂಡ್ ಸುಮ್ನಿದ್ದು "ಶೋನ್ ವೆಕ್" ಅಂದ್ರು, ಅಂದ್ರೆ ಆಗ್ಲೇ ಹೋಯ್ತು ಅಂತ. ಎರಡು ಗಂಟೆ ಬಿಟ್ಟು ನನ್ನ ಜೊತೆ ಕೆಲಸ ಮಾಡೋ ಜರ್ಮನ್ ಹುಡುಗ ಅದೇ ನಂಬರಿಗೆ ಫೋನ್ ಮಾಡಿದ್ರೆ ಶನಿವಾರ ಹತ್ತಕ್ಕೆ ಬಂದು ಮನೆ ನೋಡಿ ಅಂದ್ರು. ಮಾರನೇ ದಿನ ಬೆಳಗ್ಗೆ ಜಾಹೀರಾತೇ ಇಲ್ಲ. ನಾನು ಏನನ್ನೂ ಸೇವ್ ಮಾಡಿಟ್ಕೊಂಡಿರ್ಲಿಲ್ಲ, ಅಲ್ಲಿಗೆ ಮುಗೀತು.

ಅದಕ್ಕೇ ಮೊದ್ಲು ಸ್ಕ್ರೀನ್‌ಶಾಟ್ ತಗೊ, ತಾರೀಖು, ಟೈಮು, ಲಿಂಕು ಎಲ್ಲ ಕಾಣೋ ಹಂಗೆ. ಫೋನಲ್ಲಿ ಏನಂದ್ರು ಅನ್ನೋದನ್ನ ಆವತ್ತೇ ಬರ್ದಿಡು. ಅಲ್ಲಿ ಎಜಿಜಿ ಅಂತ ಕಾನೂನೈತೆ, ಎಲ್ಲರನ್ನೂ ಸಮನಾಗಿ ಕಾಣ್ಬೇಕು ಅನ್ನೋದು, 2006ರದ್ದು, ಜನಾಂಗ ಅಥವಾ ಮೂಲ ನೋಡಿ ಬಾಡಿಗೆ ಮನೆ ಇಲ್ಲ ಅನ್ನಂಗಿಲ್ಲ. ಆದ್ರೆ ಅನ್ಯಾಯ ಆಯ್ತು ಅಂತ ಗೊತ್ತಾದ ಎರಡು ತಿಂಗಳೊಳಗೆ ಓನರ್‌ಗೆ ಪರಿಹಾರ ಕೇಳ್ಬೇಕು, ಬರವಣಿಗೆಯಲ್ಲಿ ಕೇಳಿದ್ರೆ ಒಳ್ಳೇದು, ಬಹಳ ಜನ ಇಲ್ಲೇ ಎಡವ್ತಾರೆ, ಮನೆ ಸಿಕ್ಮೇಲೆ ನೋಡಿದ್ರಾಯ್ತು ಅಂತ ಬಿಟ್ಟು ದಿನ ಕಳ್ಕೊಂತಾರೆ. ಇನ್ನೊಂದು, ನೀನು ಆ ಮನೆಗೆ ನಿಜವಾಗ್ಲೂ ಕೇಳಿರ್ಬೇಕು, ಬರೀ ಜಾಹೀರಾತು ನೋಡಿ ಸಿಟ್ಟಾದ್ರೆ ಸಾಲ್ದು. ಅನುಮಾನ ಬರೋ ಅಷ್ಟು ಪುರಾವೆ ನೀನು ಕೊಟ್ರೆ, ನಾನು ಭೇದ ಮಾಡಿಲ್ಲ ಅಂತ ತೋರಿಸೋ ಭಾರ ಓನರ್ ಮೇಲೆ ಬೀಳುತ್ತೆ, ನನ್ನ ಗೆಳೆಯ ಮಾಡಿದ ಫೋನು ಅಂಥದ್ದಕ್ಕೇ ಬೇಕಾಗಿದ್ದು.

ಇದೆಲ್ಲ ಬರೀ ಪುಸ್ತಕದಲ್ಲಿಲ್ಲ. ನಿಮ್ಮ ಪಕ್ಕದ ಆಗ್ಸ್‌ಬುರ್ಗ್‌ನಲ್ಲೇ ಒಬ್ಬ ಓನರ್ ಜರ್ಮನ್ನರಿಗೆ ಮಾತ್ರ ಅಂತ ಜಾಹೀರಾತು ಹಾಕಿದ್ದ, ಬುರ್ಕಿನಾ ಫಾಸೊ ಮೂಲದ ಒಬ್ರು ಕೋರ್ಟಿಗೆ ಹೋದ್ರು, 2019ರ ಡಿಸೆಂಬರಲ್ಲಿ 1000 ಯೂರೊ ಪರಿಹಾರ ಕೊಡು, ಇನ್ಮೇಲೆ ಹಿಂಗೆ ಜಾಹೀರಾತು ಹಾಕ್ಬೇಡ ಅಂತ ತೀರ್ಪಾಯ್ತು. ಗೆದ್ರೂ ಆ ಮನೆ ಸಿಗಲ್ಲ, ಅದನ್ನ ಈಗ್ಲೇ ಮನಸಿಗೆ ಹೇಳ್ಕೊ. ಓನರ್ ಅದೇ ಕಟ್ಟಡದಲ್ಲಿ ಇದ್ರೆ, ಇಲ್ಲಾ ಅವರ ಮನೆಯೊಳಗಿನ ರೂಮೇ ಆಗಿದ್ರೆ ಕಾನೂನಿನ ಹಿಡಿತ ಸಡ್ಲ. ಸಂಬಳದ ಚೀಟಿ, ಶೂಫಾ ಅಂದ್ರೆ ಸಾಲ ತೀರಿಸೋ ನಡತೆಯ ವರದಿ ಕೇಳಿದ್ರೆ ಅದು ಭೇದ ಅಲ್ಲ, ಎಲ್ಲರ ಹತ್ರನೂ ಕೇಳ್ತಾರೆ, ಕೊಡು. ಮನೆ ನೋಡೋಕೆ ಮುಂಚೆ ದುಡ್ಡು ಕೇಳಿದ್ರೆ ಮಾತ್ರ ಒಂದು ಯೂರೋನೂ ಹಾಕ್ಬೇಡ, ಡಿಪಾಸಿಟ್ಟೂ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ, ಅಂದ್ರೆ ಹೀಟಿಂಗು, ನೀರು ಇಂಥ ಖರ್ಚು ಬಿಟ್ಟು ಬರೀ ಬಾಡಿಗೆಗಿಂತ, ಜಾಸ್ತಿ ಕೇಳಂಗಿಲ್ಲ.

ಬರ್ಲಿನ್‌ನಲ್ಲಿ ಸರ್ಕಾರದ್ದೇ ಭೇದಭಾವ ವಿರೋಧಿ ಕಚೇರಿ ಐತೆ, ಸಲಹೆ ಪುಕ್ಕಟೆ, ಮೊದ್ಲು ಅವರಿಗೆ ಬರಿ. ಮನೆ ಹುಡುಕೋದು ನಿಲ್ಲಿಸ್ಬೇಡ, ಎರಡೂ ಒಟ್ಟಿಗೆ ನಡೀಲಿ. ಹೆಸರು ಬದಲಾಯ್ಸಿ ಮೆಸೇಜ್ ಹಾಕ್ಲಾ ಅಂತನೂ ಕೇಳಿದೀಯ, ಬೇಡ ಕಣೋ, ಆ ಹೆಸರಲ್ಲಿ ಮನೆ ಸಿಕ್ಕಿದ್ರೂ ಕರಾರು ಪತ್ರಕ್ಕೆ ನಿನ್ನ ಹೆಸರೇ ಬೇಕು.

ಆ ಜಾಹೀರಾತು ಇನ್ನೂ ಇದ್ರೆ ಈಗ್ಲೇ ಫೋಟೊ ಹೊಡ್ದು ಕಳ್ಸು, ಪತ್ರ ಇಬ್ರೂ ಕೂತು ಬರಿಯೋಣ. ಭಾನುವಾರ ಹೊರಡ್ತೀನಿ, ನಿಮ್ಮಮ್ಮ ಏನಾದ್ರೂ ಕಳ್ಸೋದಿದ್ರೆ ಶನಿವಾರದೊಳಗೆ ನಮ್ಮನೆಗೆ ಮುಟ್ಟಿಸಾಕೆ ಹೇಳು.